ಮೊದಲು ಮನೆಮಂದಿಯನ್ನು ನೋಡಿ, ಆಮೇಲೆ ಟಿಕೆಟ್ ತೆಗೆಯಿರಿ

ನಮ್ಮ ಹೈಸ್ಕೂಲಿನ ಆಟದ ಸಾಮಾನಿನ ಕೊಠಡಿಯ ಗೋಡೆಯ ಮೇಲೆ, ನೆಲದಿಂದ ಸರಿಯಾಗಿ 140 ಸೆಂಟಿಮೀಟರ್ ಎತ್ತರದಲ್ಲಿ ಒಂದು ನೀಲಿ ಗೆರೆ ಇದೆ. ನಾನು ತಿಪಟೂರು ತಾಲ್ಲೂಕಿನಲ್ಲಿ ದೈಹಿಕ ಶಿಕ್ಷಕ. ಊರವರ ಬಾಯಲ್ಲಿ ಪಿ.ಟಿ. ಮೇಷ್ಟ್ರು. ಮಕ್ಕಳ ಎತ್ತರ, ತೂಕ ಬರೆದಿಡುವುದು ನನ್ನ ಕೆಲಸ. ಶಾಲಾ ಪ್ರವಾಸದ ಹೊಣೆಯೂ ಬಹಳ ವರ್ಷಗಳಿಂದ ನನ್ನ ಹೆಗಲಿಗೇ ಬಿದ್ದಿದೆ. ಡಿಸೆಂಬರ್ ಹತ್ತಿರ ಬಂತೆಂದರೆ ಮಕ್ಕಳು ‘ವಂಡರ್‌ಲಾ ಸಾರ್, ವಂಡರ್‌ಲಾ’ ಎಂದು ಹಿಂದೆ ಬೀಳುತ್ತಾರೆ. ಆಗ ಒಬ್ಬೊಬ್ಬರಿಗೂ ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ಆ ಗೆರೆಯ ಕೆಳಗೆ ನಿಲ್ಲಿಸುತ್ತೇನೆ.

ಕಾರಣ ಇಷ್ಟೆ. ರೈಲಿನಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲೆ ತೀರ್ಮಾನವಾಗುತ್ತದೆ. ಮೈಸೂರು ರಸ್ತೆಯಲ್ಲಿ ಬಿಡದಿ ಹತ್ತಿರ 2005ರಲ್ಲಿ ಶುರುವಾದ ವಂಡರ್‌ಲಾದಲ್ಲಿ ಅದು ಎತ್ತರದ ಮೇಲೆ ತೀರ್ಮಾನವಾಗುತ್ತದೆ. 85 ಸೆಂಟಿಮೀಟರ್ ಮುಟ್ಟದ ಮಗುವಿಗೆ ಟಿಕೆಟ್ ಬೇಡ. 85ರಿಂದ 140ರವರೆಗೆ ಮಕ್ಕಳ ದರ. 140 ದಾಟಿದರೆ, ಇನ್ನೂ ಏಳನೇ ಕ್ಲಾಸೇ ಆಗಿದ್ದರೂ ದೊಡ್ಡವರ ದರ. ಮನೆಯಲ್ಲಿ ವಯಸ್ಸು ಲೆಕ್ಕ ಹಾಕಿ ‘ಎರಡು ಫುಲ್, ಎರಡು ಹಾಫ್’ ಎಂದು ದುಡ್ಡು ಎತ್ತಿಟ್ಟುಕೊಂಡು ಬಂದವರು ಗೇಟಿನ ಹತ್ತಿರ ಅಳತೆಯ ಕಂಬದ ಮುಂದೆ ತಬ್ಬಿಬ್ಬಾಗುವುದನ್ನು ನೋಡಿದ್ದೇನೆ.

ಎತ್ತರದ ಈ ನಿಯಮ ಸುಮ್ಮನೆ ಬಂದದ್ದಲ್ಲ. ಮೇಲಕ್ಕೆತ್ತಿ ತಲೆಕೆಳಗು ಮಾಡುವ ದೊಡ್ಡ ರೈಡ್‌ಗಳಲ್ಲಿ ಭುಜದ ಮೇಲೆ ಕೂರುವ ಕಬ್ಬಿಣದ ಪಟ್ಟಿ ಇಂತಿಷ್ಟು ಎತ್ತರದ ಮೈಗೆ ಎಂದೇ ತಯಾರಾಗಿರುತ್ತದೆ. ಅದಕ್ಕಿಂತ ಗಿಡ್ಡಗಿರುವ ಮಗು ಆ ಪಟ್ಟಿಯ ಕೆಳಗೆ ಭದ್ರವಾಗಿ ಕೂರುವುದಿಲ್ಲ. ಹಾಗಾಗಿ 140 ದಾಟದವರನ್ನು ಬಹಳಷ್ಟು ದೊಡ್ಡ ಆಟಗಳಿಗೆ ಹತ್ತಿಸುವುದೇ ಇಲ್ಲ. ಕಡಿಮೆ ದರದ ಟಿಕೆಟ್ ಎಂದರೆ ಕಡಿಮೆ ಆಟ ಎಂದೇ ಅರ್ಥ. ಅಳತೆಯ ದಿನ ನನಗೆ ಇದರ ಎರಡೂ ಮುಖ ಕಾಣುತ್ತವೆ. ‘ಮೇಷ್ಟ್ರೆ, ಇವಳಿಗಿನ್ನೂ ಹನ್ನೆರಡು ತುಂಬಿಲ್ಲ, ಹಾಫ್ ಟಿಕೆಟ್ ಸಾಕಲ್ವಾ?’ ಎಂದು ತಾಯಿ ಕೇಳುತ್ತಿರುತ್ತಾಳೆ. ಮಗಳು ಗೋಡೆಗೆ ಅಂಟಿ ನಿಂತು, ಹಿಮ್ಮಡಿ ಎತ್ತದೆಯೇ ಕತ್ತು ಎಷ್ಟು ನೀಳವಾಗುತ್ತದೋ ಅಷ್ಟು ಎಳೆದು, ‘ಮುಟ್ತು ಸಾರ್, ನೋಡಿ ಸಾರ್’ ಎನ್ನುತ್ತಿರುತ್ತಾಳೆ. ತಲೆಗೂದಲನ್ನು ಒತ್ತಿ ನೋಡಿದರೆ ಅರ್ಧ ಸೆಂಟಿಮೀಟರ್ ಕಮ್ಮಿ. ಆ ಮಗುವಿಗೆ ಅವತ್ತೇ, ಶಾಲೆಯಲ್ಲೇ, ‘ಈ ವರ್ಷ ದೊಡ್ಡ ರೈಡ್ ಇಲ್ಲಮ್ಮ, ಇಂತಿಂಥ ಆಟ ಇವೆ’ ಎಂದು ಹೇಳಿಬಿಡುತ್ತೇನೆ. ಕ್ಯೂನಲ್ಲಿ ಅರ್ಧ ಗಂಟೆ ನಿಂತು, ಗೆಳತಿಯರೆಲ್ಲ ಒಳಗೆ ಹೋಗಿ, ತನ್ನೊಬ್ಬಳನ್ನು ಪಕ್ಕಕ್ಕೆ ನಿಲ್ಲಿಸಿದಾಗ ಆಗುವ ಅವಮಾನ ದೊಡ್ಡದು.

ಈ ಕೆಲಸ ನನಗೆ ಕಲಿಸಿರುವುದು ಒಂದೇ ಮಾತು. ಟಿಕೆಟ್ ತೆಗೆಯುವ ಕೆಲಸ ಮೊಬೈಲಿನಲ್ಲಿ ಶುರುವಾಗಬಾರದು, ಮನೆಯ ಹಜಾರದಲ್ಲಿ ಶುರುವಾಗಬೇಕು. ಯಾರ್‍ಯಾರು ಬರುತ್ತಾರೆ, ಯಾರ ಎತ್ತರ ಎಷ್ಟು, ಯಾರಿಗೆ ನೀರೆಂದರೆ ಇಷ್ಟ, ಯಾರಿಗೆ ಎತ್ತರವೆಂದರೆ ತಲೆ ತಿರುಗುತ್ತದೆ ಎಂದು ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಅದು ಮುಗಿದ ಮೇಲೆ ತಾರೀಖು ನಿರ್ಧರಿಸಿ. ತಾರೀಖು ಗಟ್ಟಿಯಾದ ಮೇಲೆ ಟಿಕೆಟ್.

ಆಟಕ್ಕೊಂದು ಚೀಟಿಯಿಂದ ಎಲ್ಲಕ್ಕೂ ಒಂದೇ ಟಿಕೆಟ್‌ಗೆ

ಮೈಸೂರು ದಸರಾ ಸಮಯದಲ್ಲಿ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನಕ್ಕೆ ಹೋದವರಿಗೆ ಒಂದು ಪದ್ಧತಿ ಗೊತ್ತಿರುತ್ತದೆ. ಬಾಗಿಲಲ್ಲಿ ಸಣ್ಣ ಪ್ರವೇಶ ಶುಲ್ಕ. ಒಳಗೆ ಜಯಂಟ್ ವ್ಹೀಲ್‌ಗೆ ಬೇರೆ ಚೀಟಿ, ಕೊಲಂಬಸ್ ದೋಣಿಗೆ ಬೇರೆ ಚೀಟಿ. ಹತ್ತಿದವರು ಕೊಡುತ್ತಾರೆ, ಹತ್ತದವರು ಕಡಲೆಕಾಯಿ ತಿನ್ನುತ್ತ ನೋಡುತ್ತಾರೆ. ಥೀಮ್ ಪಾರ್ಕ್‌ಗಳೂ ಮೊದಲು ಹೀಗೇ ಇದ್ದವು. ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆದಾಗ ಒಳಗೆ ಹೋಗಲು ಒಂದು ದುಡ್ಡು, ಪ್ರತಿ ಆಟಕ್ಕೂ ಬೇರೆ ದುಡ್ಡು. ಅದೇ ವರ್ಷ ಕೂಪನ್ ಪುಸ್ತಕಗಳು ಬಂದವು. ಸಾಧಾರಣ ಆಟಕ್ಕೆ ‘ಎ’ ಕೂಪನ್, ಅದಕ್ಕಿಂತ ದೊಡ್ಡದಕ್ಕೆ ‘ಬಿ’, ಹೀಗೆ ಏರುತ್ತ ಹೋಗಿ 1959ರಲ್ಲಿ ‘ಇ’ ಕೂಪನ್ ಸೇರಿತು. ಹಿಮಬೆಟ್ಟದ ಆಕಾರದ ಮ್ಯಾಟರ್‌ಹಾರ್ನ್ ರೋಲರ್ ಕೋಸ್ಟರ್ ಬಂದದ್ದು ಅದೇ ವರ್ಷ. 1982ರಲ್ಲಿ ಕೂಪನ್ ಪುಸ್ತಕ ನಿಂತು, ಒಂದೇ ಟಿಕೆಟ್ಟಿಗೆ ಎಲ್ಲ ಆಟ ಎಂಬ ಪದ್ಧತಿ ಪೂರ್ತಿ ನೆಲೆಯಾಯಿತು.

ನಮ್ಮಲ್ಲಿ ಕೊಚ್ಚಿಯ ವೀಗಾಲ್ಯಾಂಡ್ 2000ದಲ್ಲಿ, ಅದೇ ಸಂಸ್ಥಾಪಕರ ವಂಡರ್‌ಲಾ ಬಿಡದಿಯಲ್ಲಿ ಐದು ವರ್ಷದ ನಂತರ ಶುರುವಾದವು. ಇಲ್ಲಿರುವುದು ಈ ಒಂದೇ ಟಿಕೆಟ್ಟಿನ ಪದ್ಧತಿ. ಮಕ್ಕಳಿಗೆ ಇದು ಹಬ್ಬ. ಜೇಬಿಗೆ ಕೈಹಾಕದೆ, ಅಪ್ಪನ ಮುಖ ನೋಡದೆ ಒಂದೇ ರೈಡನ್ನು ಮೂರು ಸಲ ಹತ್ತಬಹುದು. ಅನುಕೂಲಸ್ಥರ ಮಗು ಹತ್ತುವಷ್ಟನ್ನೇ ಕೂಲಿಯವರ ಮಗುವೂ ಹತ್ತುತ್ತದೆ. ಒಬ್ಬ ಮೇಷ್ಟ್ರಾಗಿ ಇದು ನನಗೆ ಬಹಳ ಹಿಡಿಸಿದ ಸಂಗತಿ. ಆದರೆ ಇದರ ಭಾರ ಬೀಳುವುದು ಏನೂ ಹತ್ತದವರ ಮೇಲೆ. ಬಿ.ಪಿ. ಇರುವ ಚಿಕ್ಕಪ್ಪ, ಬೆನ್ನು ನೋವಿನ ಅತ್ತೆ, ಬಸುರಿ ಸೊಸೆ ಇವರನ್ನು ಬಹಳಷ್ಟು ರೈಡ್‌ಗಳಿಗೆ ಬಿಡುವುದಿಲ್ಲ, ಬಿಡಲೂಬಾರದು. ಆದರೂ ಗೇಟಿನಲ್ಲಿ ಅವರಿಗೂ ಟಿಕೆಟ್ ಬೇಕು.

ಹಾಗೆಂದು ಅವರನ್ನು ಮನೆಯಲ್ಲೇ ಬಿಟ್ಟು ಹೋಗಿ ಎಂದು ನಾನು ಹೇಳುವುದಿಲ್ಲ. ಅವರನ್ನು ಕೇಳಿ. ನಮ್ಮ ಅವ್ವನನ್ನು ಕೇಳಿದಾಗ, ‘ಮಕ್ಕಳು ಆಡೋದು ನೋಡ್ತೀನಿ, ನೀರಲ್ಲಿ ಒಂದಿಷ್ಟು ಕಾಲಾಡಿಸ್ತೀನಿ, ಅಷ್ಟು ಸಾಕು’ ಎಂದಳು. ನೀರಿಗೆ ಇಳಿಯಬೇಕಾದರೆ ನೈಲಾನ್ ಅಥವಾ ಲೈಕ್ರಾ ಬಟ್ಟೆ ಇರಬೇಕು. ಸೀರೆಯಲ್ಲಿ, ಹತ್ತಿಯ ಚೂಡಿದಾರದಲ್ಲಿ ಬಿಡುವುದಿಲ್ಲ. ಇದನ್ನು ಅವ್ವನಿಗೆ ಮೊದಲೇ ಹೇಳಿ, ಒಪ್ಪುವಂಥ ಬಟ್ಟೆಯನ್ನು ತಿಪಟೂರಿನಲ್ಲೇ ತಂದೆವು. ಅಲ್ಲಿ ಹೋದ ಮೇಲೆ ಕೊಳ್ಳಬೇಕಾದರೆ ಅದೂ ಖರ್ಚಿನ ಲೆಕ್ಕಕ್ಕೆ ಸೇರುತ್ತದೆ. 60 ದಾಟಿದವರಿಗೆ ರಿಯಾಯಿತಿ ಇರುತ್ತದೆ, ಆಧಾರ್ ಕಾರ್ಡ್ ಜೊತೆಗಿರಲಿ. ಹೊರಗಿನ ಊಟ ತಿಂಡಿ ಒಳಗೆ ಬಿಡುವುದಿಲ್ಲ. ಬೆಳಗಿನ ತಿಂಡಿಯನ್ನು ಹೊರಗೇ ಮುಗಿಸಿ. ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಬರವಿಲ್ಲ. ಮಧ್ಯಾಹ್ನದ ಊಟದ ದುಡ್ಡನ್ನು ಟಿಕೆಟ್ಟಿನ ದುಡ್ಡಿನ ಪಕ್ಕದಲ್ಲೇ ಬರೆದುಕೊಳ್ಳಿ.

ದಿನಕ್ಕೊಂದು ದರ ಏಕೆ

ಒಂದೇ ಪಾರ್ಕು, ಅವೇ ಆಟಗಳು; ಮಂಗಳವಾರ ಒಂದು ದರ, ಭಾನುವಾರ ಇನ್ನೊಂದು, ದಸರಾ ರಜೆಯಲ್ಲಿ ಮತ್ತೊಂದು. ಇದು ಅನ್ಯಾಯ ಎಂದು ಬಹಳ ಜನ ಸಿಡುಕುತ್ತಾರೆ. ನಾನು ಅವರಿಗೆ ಸ್ಟಾಪ್‌ವಾಚ್ ಹಿಡಿದು ಒಂದು ರೈಡಿನ ಮುಂದೆ ನಿಂತು ನೋಡಿ ಎನ್ನುತ್ತೇನೆ. ಓಟದ ಸ್ಪರ್ಧೆಗೆ ಇಟ್ಟುಕೊಂಡ ವಾಚು ನನ್ನ ಕತ್ತಿನಲ್ಲೇ ಇರುತ್ತದೆ. ಗೇಟು ತೆರೆದು ಜನ ಓಡಿ ಸೀಟು ಹಿಡಿಯುತ್ತಾರೆ. ಚಪ್ಪಲಿ, ಕನ್ನಡಕ, ಮೊಬೈಲು ಪಕ್ಕಕ್ಕೆ ಇಡುತ್ತಾರೆ. ಸಿಬ್ಬಂದಿ ಒಬ್ಬೊಬ್ಬರ ಪಟ್ಟಿಯನ್ನೂ ಎಳೆದು ನೋಡಿ, ಕೈ ಎತ್ತಿ ಸನ್ನೆ ಮಾಡುತ್ತಾರೆ. ಆಟ ಓಡುವುದು ಎರಡು ನಿಮಿಷವೂ ಇರಲಿಕ್ಕಿಲ್ಲ. ಮತ್ತೆ ಪಟ್ಟಿ ಬಿಚ್ಚಿ, ಇಳಿಸಿ, ಬಿಟ್ಟ ಚಪ್ಪಲಿ ಹುಡುಕಿ ಹೊರಗೆ ಹೋಗುವಷ್ಟರಲ್ಲಿ ಐದು ನಿಮಿಷ ಎಂದುಕೊಳ್ಳಿ. ಒಂದು ಸಲಕ್ಕೆ 20 ಜನ ಕೂರುವ ರೈಡಾದರೆ ಗಂಟೆಗೆ 240 ಜನ. ಭಾನುವಾರ ಆದರೂ ಅಷ್ಟೇ, ಮಂಗಳವಾರ ಆದರೂ ಅಷ್ಟೇ. ಜನ ಹೆಚ್ಚಾದರು ಎಂದು ಪಟ್ಟಿ ಪರೀಕ್ಷೆಯನ್ನು ಅವಸರದಲ್ಲಿ ಮುಗಿಸಲು ಆಗದು. ನಿಮ್ಮ ಮುಂದೆ 240 ಜನ ನಿಂತಿದ್ದರೆ ನೀವು ಒಂದು ಗಂಟೆ ಕಾಯಲೇಬೇಕು.

ಪಾರ್ಕು ಸಾಮಾನ್ಯವಾಗಿ ತೆರೆಯುವುದು ಬೆಳಿಗ್ಗೆ 11ಕ್ಕೆ. ಸಂಜೆ 6ರವರೆಗೆ ಏಳು ಗಂಟೆ ಕಾಲ. ಊಟಕ್ಕೆ, ಬಟ್ಟೆ ಬದಲಿಸಲಿಕ್ಕೆ, ಲಾಕರಿನ ಹತ್ತಿರ ಓಡಾಡಲಿಕ್ಕೆ ಒಂದು ಗಂಟೆ ಕಳೆಯಿರಿ. ಉಳಿದ ಆರು ಗಂಟೆಯಲ್ಲಿ ಆಟವೊಂದಕ್ಕೆ ಕಾಯುವುದೂ ಸೇರಿ 45 ನಿಮಿಷ ಹಿಡಿದರೆ ಎಂಟು ಆಟ. 20 ನಿಮಿಷಕ್ಕೆ ಮುಗಿದರೆ ಹದಿನೆಂಟು ಆಟ. ಟಿಕೆಟ್ಟಿನ ದುಡ್ಡನ್ನು ಈ ಸಂಖ್ಯೆಯಿಂದ ಭಾಗಿಸಿ ನೋಡಿದರೆ, ಜನ ಕಡಿಮೆ ಇರುವ ದಿನದ ಟಿಕೆಟ್ ಎರಡು ರೀತಿಯಲ್ಲಿ ಅಗ್ಗ ಎಂದು ತಿಳಿಯುತ್ತದೆ. ದರವೂ ಕಡಿಮೆ, ಆಟವೂ ಹೆಚ್ಚು. ದಿನಕ್ಕೊಂದು ದರ ಇಡುವುದು ಜನರನ್ನು ಖಾಲಿ ದಿನಗಳ ಕಡೆಗೆ ಸರಿಸಲಿಕ್ಕೆ. ರಜೆ ಹೊಂದಿಸಿಕೊಳ್ಳಬಲ್ಲವರಿಗೆ ಅದರಲ್ಲಿ ಲಾಭವಿದೆ.

ಕ್ಯಾಲೆಂಡರಿನಲ್ಲಿ ಬಿಡಬೇಕಾದ ದಿನಗಳು ಎದ್ದು ಕಾಣುತ್ತವೆ: ದಸರಾ ರಜೆ, ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗಿನ ವಾರ, ಏಪ್ರಿಲ್–ಮೇ ತಿಂಗಳ ಶನಿವಾರ–ಭಾನುವಾರ, ಸರ್ಕಾರಿ ರಜೆ ಶುಕ್ರವಾರವೋ ಸೋಮವಾರವೋ ಬಿದ್ದ ವಾರ, ಎರಡನೇ ಶನಿವಾರ. ಶಾಲೆಗಳು ಶುರುವಾದ ಮೇಲಿನ ಜೂನ್, ಜುಲೈ ತಿಂಗಳ ನಡುವಾರದ ದಿನಗಳಲ್ಲಿ ಜನ ಕಡಿಮೆ. ಮೋಡ ಕವಿದು ನೀರು ತಣ್ಣಗಿರುತ್ತದೆ, ಚಳಿ ತಡೆಯದ ಚಿಕ್ಕ ಮಕ್ಕಳಿದ್ದರೆ ಅದನ್ನೂ ಯೋಚಿಸಿ. ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿದರೆ, ಕಾಲೇಜಿನ ಐ.ಡಿ. ತೋರಿಸಿದರೆ ರಿಯಾಯಿತಿ ಸಿಗುವುದೂ ಉಂಟು. ಆದರೆ ರಿಯಾಯಿತಿ ಹೊಂದುವ ದಿನ ನಿಮ್ಮ ಮನೆಮಂದಿಗೂ ಹೊಂದಬೇಕಲ್ಲ. ನೂರು ರೂಪಾಯಿ ಉಳಿಯುತ್ತದೆಂದು ಮಗುವಿನ ಜ್ವರ ಬಿಟ್ಟ ಮರುದಿನವೇ ಹೊರಡಬೇಡಿ.

ಕ್ಯೂ ತಪ್ಪಿಸಿ ಬೇರೆ ಬಾಗಿಲಿನಿಂದ ಒಳಗೆ ಬಿಡುವ ‘ಫಾಸ್ಟ್‌ಟ್ರ್ಯಾಕ್’ ಟಿಕೆಟ್ಟೂ ಇದೆ, ದುಡ್ಡು ಹೆಚ್ಚು. ದೂರದ ಊರಿನಿಂದ ರಜೆಯ ದಿನವೇ ಬರಬೇಕಾದ ಸಣ್ಣ ಸಂಸಾರಕ್ಕೆ ಅದು ಸಾರ್ಥಕ. ನಡುವಾರದ ಖಾಲಿ ದಿನದಲ್ಲಿ ಆ ದುಡ್ಡು ದಂಡ. ಇನ್ನೊಂದು ಮಾತು. ಗುಂಪಿನಲ್ಲಿ ತೆಗೆದರೆ ಎಲ್ಲರಿಗೂ ತೆಗೆಯಿರಿ, ಇಲ್ಲವೇ ಯಾರಿಗೂ ಬೇಡ. ಅಣ್ಣನ ಮಕ್ಕಳು ಬೇರೆ ಬಾಗಿಲಲ್ಲಿ ಒಳಗೆ ಹೋಗಿ ತಮ್ಮನ ಮಕ್ಕಳು ಬಿಸಿಲಲ್ಲಿ ನಿಂತರೆ ಆ ದಿನದ ಸಂತೋಷ ಅಲ್ಲೇ ಒಡೆಯುತ್ತದೆ.

ಟಿಕೆಟ್ ಇದ್ದರೂ ಜಾಗ ಇದೆಯೇ

ನನ್ನ ತಂಗಿ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅಲ್ಲಿಗೆ ಹೋಗುವ ಅಪ್ಪ ಅಮ್ಮಂದಿರಿಗೆ ಡಿಸ್ನಿಲ್ಯಾಂಡ್ ತೋರಿಸುವುದು ಅಲ್ಲಿನ ಕನ್ನಡಿಗರ ಮನೆಗಳಲ್ಲಿ ನಡೆದುಬಂದಿರುವ ಉಪಚಾರ. ಅಲ್ಲಿನ ಪದ್ಧತಿಯನ್ನು ಅವಳಿಂದ ಬಿಡಿಸಿ ಕೇಳಿಕೊಂಡಿದ್ದೇನೆ. ಡಿಸ್ನಿಲ್ಯಾಂಡ್‌ನಲ್ಲಿ ಟಿಕೆಟ್ ತೆಗೆದರಷ್ಟೇ ಸಾಲದು. ಯಾವ ದಿನ ಯಾವ ಪಾರ್ಕಿಗೆ ಬರುತ್ತೀರಿ ಎಂದು ರಿಸರ್ವೇಷನ್ ಕೂಡ ಬೇಕು. ನಮ್ಮ ರೈಲಿನಲ್ಲಿ ಹತ್ತಲು ಟಿಕೆಟ್ ಒಂದು, ಮಲಗಲು ಬರ್ತ್ ಇನ್ನೊಂದು ಇದ್ದ ಹಾಗೆ. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲೂ ಕೊರೋನಾ ಕಾಲದಲ್ಲಿ ಈ ನಿಯಮ ಬಂದಿತ್ತು. ತಾರೀಖು ನಮೂದಾದ ಟಿಕೆಟ್ ಇರುವವರಿಗೆ 2024ರ ಜನವರಿ 9ರಿಂದ ಅದನ್ನು ತೆಗೆದುಹಾಕಿದರು.

ಅಲ್ಲಿ ಮಕ್ಕಳ ಲೆಕ್ಕ ವಯಸ್ಸಿನದು: ಮೂರು ತುಂಬದ ಮಗುವಿಗೆ ಟಿಕೆಟ್ ಇಲ್ಲ, ಮೂರರಿಂದ ಒಂಬತ್ತರವರೆಗೆ ಮಕ್ಕಳ ದರ, ಹತ್ತಾದರೆ ದೊಡ್ಡವರ ದರ. ರೈಡ್ ಹತ್ತಲು ಮಾತ್ರ ಎತ್ತರ ನೋಡುತ್ತಾರೆ. ಒಬ್ಬರು ಅರ್ಧ ಬಳಸಿದ ಟಿಕೆಟ್ಟನ್ನು ಇನ್ನೊಬ್ಬರು ಬಳಸುವಂತಿಲ್ಲ. ಗೇಟಿನಲ್ಲಿ ಫೋಟೊ ತೆಗೆದು ಟಿಕೆಟ್ಟಿಗೆ ಜೋಡಿಸುತ್ತಾರೆ. ಹಾಗಾಗಿ ‘ಎರಡು ದಿನ ಉಳಿದ ಟಿಕೆಟ್ ಅಗ್ಗಕ್ಕೆ ಕೊಡುತ್ತೇನೆ’ ಎನ್ನುವವರ ಹತ್ತಿರ ಕೊಂಡರೆ ದುಡ್ಡು ಹೋದ ಹಾಗೆ. ಊರಿನಿಂದ ಹೋದ ಹಿರಿಯರಿಗೆ ನೆಮ್ಮದಿ ಕೊಡುವ ಸಂಗತಿಯೂ ಒಂದಿದೆ. ಗಾಜಿನ ಪಾತ್ರೆ, ದೊಡ್ಡ ಪೆಟ್ಟಿಗೆ ಇಲ್ಲದಿದ್ದರೆ ಸ್ವಂತಕ್ಕೆ ಬೇಕಾದ ತಿಂಡಿಯನ್ನು ಒಳಗೆ ಒಯ್ಯಬಹುದು. ತಂಗಿ ಚಪಾತಿ, ಚಟ್ನಿಪುಡಿ, ಮೊಸರನ್ನದ ಡಬ್ಬಿ ಕಟ್ಟಿಕೊಂಡೇ ಹೋಗುತ್ತಾಳೆ.

ಮೊಬೈಲಿನಲ್ಲಿ ದುಡ್ಡು ಕಟ್ಟುವಾಗ

ಈಗ ಬಹುಪಾಲು ಟಿಕೆಟ್ ಮೊಬೈಲಿನಲ್ಲೇ. ಮೊದಲು ಪಾರ್ಕಿನ ಸ್ವಂತ ವೆಬ್‌ಸೈಟೋ ಆ್ಯಪ್ಪೋ ಎಂದು ವಿಳಾಸದ ಒಂದೊಂದು ಅಕ್ಷರವನ್ನೂ ಓದಿ ಖಾತ್ರಿ ಮಾಡಿಕೊಳ್ಳಿ. ಹುಡುಕಿದಾಗ ಮೇಲೆ ಬರುವುದೆಲ್ಲ ಅಸಲಿ ಆಗಿರಬೇಕಿಲ್ಲ. ಜಾಹೀರಾತಿನ ರೂಪದಲ್ಲಿ ನಕಲಿ ತಾಣಗಳೂ ಬರುತ್ತವೆ. ಎಲ್ಲೋ ಸಿಕ್ಕಿದ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡಿ, ಅವರು ಕಳಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಡಿ. ನಮಗೆ ಬರಬೇಕಾದ ದುಡ್ಡಿಗೆ ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ; ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ಅಷ್ಟೆ. ಮೋಸ ಆಯಿತೆಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ದೂರಿಗೆಂದೇ ಇರುವ ಸಂಖ್ಯೆ. ಎಷ್ಟು ಬೇಗ ಹೇಳುತ್ತೀರೋ ದುಡ್ಡು ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಎರಡನೆಯದು ತೆರಿಗೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಇಂಥ ಪಾರ್ಕ್‌ಗಳ ಪ್ರವೇಶಕ್ಕೆ ಶೇ. 28 ಹಾಕಿದ್ದರು, 2018ರ ಜನವರಿಯಲ್ಲಿ ಅದನ್ನು ಶೇ. 18ಕ್ಕೆ ಇಳಿಸಿದರು. ಮೊದಲ ಪುಟದಲ್ಲಿ ಕಾಣುವ ದರ ತೆರಿಗೆ ಸೇರಿದ್ದೋ ಬಿಟ್ಟದ್ದೋ ನೋಡಿ. ಆರು ಜನರ ಮನೆಗೆ ಆ ವ್ಯತ್ಯಾಸ ಒಂದು ಹೊತ್ತಿನ ಊಟದ ದುಡ್ಡಾಗಬಹುದು. ಮೂರನೆಯದು, ತಾರೀಖು ಬದಲಿಸುವ ಮತ್ತು ರದ್ದು ಮಾಡುವ ಷರತ್ತು. ಮನೆಯಲ್ಲಿ ಬಾಣಂತಿಯೋ ಹಾಸಿಗೆ ಹಿಡಿದ ಹಿರಿಯರೋ ಇದ್ದರೆ ಆ ಸಾಲುಗಳನ್ನು ಓದಿಯೇ ದುಡ್ಡು ಕಟ್ಟಿ.

ದುಡ್ಡು ಕಡಿತವಾಗಿ ಟಿಕೆಟ್ ಬರದಿದ್ದರೆ ಗಾಬರಿಯಾಗಿ ತಕ್ಷಣ ಮತ್ತೆ ಕಟ್ಟಬೇಡಿ. ಈ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಯುಪಿಐಯಲ್ಲಿ ನಿಮ್ಮ ಖಾತೆಯಿಂದ ಹಣ ಹೋಗಿ, ವ್ಯಾಪಾರಿಗೆ ಖಚಿತವಾಗದಿದ್ದರೆ, ವಹಿವಾಟಿನ ನಂತರ ಐದು ದಿನದೊಳಗೆ ಅದು ತಾನಾಗಿ ವಾಪಸು ಬರಬೇಕು. ಅದಕ್ಕೂ ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಂಡು ಬ್ಯಾಂಕಿಗೆ ದೂರು ಕೊಡಿ. ಇದು ನಿಮ್ಮ ಹಕ್ಕು.

ಟಿಕೆಟ್ ಬಂದ ಮೇಲೆ ಒಂದು ಪ್ರತಿಯನ್ನು ಮುದ್ರಿಸಿ ಇಟ್ಟುಕೊಳ್ಳಿ, ಇನ್ನೊಬ್ಬರ ಮೊಬೈಲಿಗೂ ಕಳಿಸಿ. ಶಾಲೆಯ ಗುಂಪಾದರೆ ಪೋಷಕರ ಒಪ್ಪಿಗೆ ಪತ್ರ, ಇಲಾಖೆಯ ಅನುಮತಿ, ಕೆಎಸ್ಆರ್‌ಟಿಸಿಯ ಒಪ್ಪಂದದ ಬಸ್ಸು ಇವೆಲ್ಲ ಕೈಸೇರಿದ ಮೇಲೆ ಪಾರ್ಕಿನ ಗುಂಪು ದರ ಕೇಳಿ. ಮಕ್ಕಳ ಪಟ್ಟಿಯಲ್ಲಿ ಹೆಸರಿನ ಮುಂದೆ ಎತ್ತರ ಬರೆದಿರಲಿ, ಈಜು ಬರದವರ ಹೆಸರಿನ ಮುಂದೆ ಗುರುತಿರಲಿ. ಆ ಪಟ್ಟಿ ಟಿಕೆಟ್ಟಿಗಿಂತ ಮುಖ್ಯ.

ಪಾರ್ಕು ನಡೆಸುವವರಲ್ಲಿ ನನ್ನದೊಂದು ಬೇಡಿಕೆ ಇದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1843ರಲ್ಲಿ ತೆರೆದ ಟಿವೊಲಿ ಉದ್ಯಾನದಲ್ಲಿ ಒಳಗೆ ಹೋಗುವ ಟಿಕೆಟ್ ಬೇರೆ, ಆಟಗಳ ಟಿಕೆಟ್ ಬೇರೆ. ಹೂವು, ದೀಪ, ಸಂಗೀತ ಸಾಕೆನ್ನುವವರು ಪ್ರವೇಶದ ದುಡ್ಡಷ್ಟೇ ಕೊಟ್ಟು ಸಂಜೆ ಕಳೆಯುತ್ತಾರೆ. ನಮ್ಮ ಪಾರ್ಕ್‌ಗಳಲ್ಲೂ ಯಾವ ರೈಡನ್ನೂ ಹತ್ತದೆ ಜೊತೆಗೆ ಬರುವ ಅಜ್ಜಿ ತಾತಂದಿರಿಗೆ, ಬಸುರಿಯರಿಗೆ, ಕಾಯಿಲೆಯವರಿಗೆ ಅಂಥದೊಂದು ಕಡಿಮೆ ದರದ ಟಿಕೆಟ್ ಇರಲಿ. ಎತ್ತರದ ನಿಯಮ, ಬಟ್ಟೆಯ ನಿಯಮ, ಆರೋಗ್ಯದ ಎಚ್ಚರಿಕೆ ದುಡ್ಡು ಕಟ್ಟುವ ಗುಂಡಿಗಿಂತ ಮೊದಲೇ, ಕನ್ನಡದಲ್ಲಿ, ಕಣ್ಣಿಗೆ ಹೊಡೆಯುವಂತೆ ಇರಲಿ. ಅಂಥ ಟಿಕೆಟ್ ಬಂದರೆ ‘ನಾನ್ಯಾಕೆ ಬರಲಿ, ದುಡ್ಡು ದಂಡ’ ಎಂದು ಮನೆಯಲ್ಲೇ ಉಳಿಯುವ ಎಷ್ಟೋ ಹಿರಿಯರು ಮಕ್ಕಳ ಜೊತೆ ಬಸ್ಸು ಹತ್ತುತ್ತಾರೆ. ಅದು ಬರುವವರೆಗೂ, ಬುಕ್ ಮಾಡುವ ಮುನ್ನ ಮನೆಯ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕೇಳುವ ಕೆಲಸ ನಮ್ಮದೇ. ಅದಕ್ಕೆ ಬೇಕಾದದ್ದು ಹತ್ತು ನಿಮಿಷ ಮತ್ತು ಒಂದು ಅಳತೆ ಟೇಪು.